ಕುಡಿತ ಬಿಟ್ಟೋರಿಗೆ ಸಂಜೆ ಐದೂವರೆ ಆದ್ಮೇಲೆ: ಕೌನ್ಸೆಲರ್ ಆಗಿ ನನ್ನ ಅನುಭವ

ನನ್ನ ಹತ್ರ ಬಂದೋರಿಗೆ ಮೊದಲ ದಿನಾನೇ ಎಷ್ಟು ಕುಡೀತೀರಾ ಅಂತ ನಾನು ಕೇಳೋಕೆ ಹೋಗಲ್ಲ. ಹೆಂಡ್ತಿ ಪಕ್ಕದಲ್ಲಿ ಕೂತಿದ್ರೆ ಒಂದು ನೈಂಟಿ ಅಂತಾರೆ, ಅವರು ಎದ್ದು ಹೊರಗೆ ಹೋದ್ರೆ ಅದೇ ನೈಂಟಿ ಎರಡು ಕ್ವಾರ್ಟರ್ ಆಗುತ್ತೆ. ನಾಚಿಕೆ ಇರೋ ಕಡೆ ಲೆಕ್ಕ ಸರಿಯಾಗಿ ಬರಲ್ಲ. ಅದಕ್ಕೆ ನಾನು ಕೇಳೋದು ಇಷ್ಟೇ, ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೂ ಏನೇನ್ ಮಾಡಿದ್ರಿ, ಸುಮ್ನೆ ಒಂದೊಂದಾಗಿ ಹೇಳ್ತಾ ಹೋಗಿ. ಬೆಳಿಗ್ಗೆದು ಸಲೀಸಾಗಿ ಹೇಳ್ತಾರೆ, ಮಧ್ಯಾಹ್ನದ್ದೂ ಹೇಳ್ತಾರೆ, ಸಂಜೆ ಐದೂವರೆ ಹತ್ರ ಬಂದ ತಕ್ಷಣ ಮಾತು ನಿಲ್ಲುತ್ತೆ. ಅಲ್ಲಿಂದ ರಾತ್ರಿ ಒಂಬತ್ತರವರೆಗಿನ ಆ ಮೂರೂವರೆ ಗಂಟೆನ ಏನ್ಮಾಡೋದು ಅನ್ನೋದೇ ನನ್ನ ಅರ್ಧ ಕೆಲಸ ಅಂತ ಅರ್ಥ ಆಗೋಕೆ ನನಗೇ ಸುಮಾರು ವರ್ಷ ಬೇಕಾಯ್ತು.

ಈ ಫೀಲ್ಡಿಗೆ ಬಂದು 14 ವರ್ಷ ಆಯ್ತು. ಮೊದಲು ಕೆಲಸ ಮಾಡಿದ ಒಂದು ಸೆಂಟರಲ್ಲಿ 90 ದಿನ ಒಳಗೆ ಇಟ್ಕೊಳ್ತಿದ್ರು, ಗೇಟಿಗೆ ಬೀಗ, ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಕ್ಲಾಸು, ಊಟ, ನಿದ್ದೆ. ಹೊರಗೆ ಬರೋವಾಗ ಎಲ್ರೂ ಮೈಕೈ ತುಂಬ್ಕೊಂಡು ಚೆನ್ನಾಗೇ ಇರ್ತಿದ್ರು, ಮನೆಯವರು ಹಾರ ಹಾಕಿ ಕರ್ಕೊಂಡು ಹೋಗ್ತಿದ್ರು, ಒಂದು ವಾರ ಕಳೆಯೋದ್ರೊಳಗೆ ಅದೇ ಮನೆಯವರು ಫೋನ್ ಮಾಡಿ ಅಳ್ತಿದ್ರು. ಯಾಕೆ ಅಂದ್ರೆ ಗೇಟಿನ ಒಳಗೆ ಬಸ್ ಸ್ಟ್ಯಾಂಡ್ ಇಲ್ಲ, ಜೇಬಲ್ಲಿ ದುಡ್ಡಿಲ್ಲ, ಬಾ ಮಗಾ ಅನ್ನೋ ಸ್ನೇಹಿತರಿಲ್ಲ. ಆ 90 ದಿನ ಅವರು ಕುಡಿಯದೇ ಇದ್ರು ನಿಜ, ಕುಡಿಯದೇ ಬದುಕೋದನ್ನ ಮಾತ್ರ ಯಾರೂ ಕಲಿಸಿರ್ಲಿಲ್ಲ.

ಈಗ ಹೋಲಿಸ್ಟಿಕ್ ಅನ್ನೋ ಮಾತು ಎಲ್ಲಾ ಕಡೆ ಇದೆ. ನನ್ನ ಮಟ್ಟಿಗೆ ಅದ್ರ ಅರ್ಥ ದೇಹ, ನಿದ್ದೆ, ಊಟ, ದುಡ್ಡು, ಹೆಂಡ್ತಿ ಮಕ್ಕಳು, ದೇವರು, ಸಂಜೆ ಎಲ್ಲಾನೂ ಒಟ್ಟಿಗೆ ಹಿಡ್ಕೊಂಡು ಹೋಗೋದು. ಆದ್ರೆ ಎಲ್ಲಕ್ಕಿಂತ ಮುಂಚೆ ದೇಹ. ಇದನ್ನ ನಾನು ಪುಸ್ತಕ ಓದಿ ಕಲೀಲಿಲ್ಲ, ತಪ್ಪು ಮಾಡಿ ಕಲ್ತೆ.

ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗ ಬಂದಿದ್ದ, ಮೂವತ್ತೂ ಆಗಿರ್ಲಿಲ್ಲ, ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಒಂದು ಪ್ಯಾಕೆಟ್ ಬೇಕಿತ್ತು. ಅಯ್ಯಪ್ಪ ಮಾಲೆ ಹಾಕ್ಕೊಳ್ತೀನಿ ಮೇಡಂ, 41 ದಿನ ವ್ರತ, ಬಿಟ್ಟೇ ಬಿಡ್ತೀನಿ ಅಂದ. ನನಗೆ ಖುಷಿಯಾಯ್ತು, ಒಳ್ಳೇದು ಹಾಕ್ಕೋ ಅಂದೆ. ಮಾಲೆ ಹಾಕಿದ ಮೂರನೇ ರಾತ್ರಿ ಅವನು ಗೋಡೆ ಮೇಲೆ ಹುಳ ಹರೀತಿದೆ ಅಂತ ಒರೆಸೋಕೆ ಶುರು ಮಾಡಿದ್ನಂತೆ, ಕೊರಳಲ್ಲಿದ್ದ ಮಾಲೆ ಮಣಿಗಳಿಂದಾನೂ ಹುಳ ಕಿತ್ತು ಕಿತ್ತು ಎಸೀತಿದ್ನಂತೆ, ಮೈಯೆಲ್ಲ ಬೆವರು, ಯಾರ ಗುರುತೂ ಇಲ್ಲ. ಮನೆಯವರು ಸ್ವಾಮಿ ಮೈಮೇಲೆ ಬಂದಿದೆ ಅಂತ ಆರತಿ ಎತ್ತಿದ್ರು. ಬೆಳಗಿನ ಜಾವ ಫಿಟ್ಸ್ ಬಂದು ಬಿದ್ದ ಮೇಲೇನೇ ಆಸ್ಪತ್ರೆಗೆ ತಂದಿದ್ದು. ಐದು ದಿನ ಐಸಿಯುನಲ್ಲಿದ್ದ, ಬದುಕಿದ. ಅವರಮ್ಮ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದಾಗ ತಲೆ ಎತ್ತಿ ಅವರ ಮುಖ ನೋಡೋಕೆ ಆಗ್ಲಿಲ್ಲ ನನಗೆ.

ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ವರ್ಷಗಟ್ಟಲೆ ದಿನಾ ಕುಡಿದೋರು ಒಂದೇ ಏಟಿಗೆ ನಿಲ್ಲಿಸಿದ್ರೆ ಆರೇಳು ಗಂಟೆಯಿಂದಾನೇ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಆ ಹುಡುಗನಿಗೆ ಬಂದ ಹಾಗೆ ಭ್ರಮೆ ಬರುತ್ತೆ, ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಟ್ರೀಟ್‌ಮೆಂಟ್ ಸಿಗದಿದ್ರೆ ಪ್ರಾಣಾನೂ ಹೋಗಬಹುದು. ಡಾಕ್ಟರ್ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಡೋಸ್ ಇಳಿಸ್ತಾ ಒಂದು ವಾರ ಹತ್ತು ದಿನದಲ್ಲಿ ಇದನ್ನ ದಾಟಿಸ್ತಾರೆ. ಇನ್ನೊಂದು ವಿಷ್ಯ, ನಮ್ಮ ಕಡೆ ಸುಸ್ತು ಅಂದ್ರೆ ಸಾಕು ಒಂದು ಗ್ಲೂಕೋಸ್ ಹಾಕ್ಸಿ ಅಂತಾರೆ. ಕುಡಿಯೋರ ಮೈಯಲ್ಲಿ ಬಿ1 ವಿಟಮಿನ್, ಅಂದ್ರೆ ಥಯಮಿನ್, ತೀರಾ ಕಮ್ಮಿ ಆಗಿರುತ್ತೆ, ಅದನ್ನ ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಮೆದುಳಿಗೆ ಪೆಟ್ಟಾಗಬಹುದು. ಕ್ಲಿನಿಕ್ಕಿಗೆ ಹೋದಾಗ ಇವರು ದಿನಾ ಕುಡೀತಿದ್ರು ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಮಾನ ಮರ್ಯಾದೆ ಅಂತ ಮುಚ್ಚಿಡಬೇಡಿ ಅಂತ ನಾನು ಪ್ರತಿ ಮನೆಯವರಿಗೂ ಹೇಳೋದು ಅದಕ್ಕೇ.

ಮಾತ್ರೆ ಅಂದಾಗ ಇದನ್ನೂ ಹೇಳ್ಬೇಕು. ಅವರಿಗೆ ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸಿ ಅನ್ನೋ ಜಾಹೀರಾತು ನೋಡಿ ಸಾರಿಗೆ, ಕಾಫಿಗೆ ಪುಡಿ ಹಾಕಿ ಕೊಡೋ ಹೆಣ್ಮಕ್ಕಳು ಎಷ್ಟೋ ಜನ ಇದಾರೆ. ಅವರ ಸಂಕಟ ನನಗೆ ಅರ್ಥ ಆಗುತ್ತೆ, ಬೈಯೋಕೆ ಮನಸ್ಸು ಬರಲ್ಲ. ಆದ್ರೆ ಅದ್ರಲ್ಲಿ ಡೈಸಲ್ಫಿರಾಮ್ ಇದ್ರೆ ಅದ್ರ ಮೇಲೆ ಕುಡಿದ ಮನುಷ್ಯನಿಗೆ ಮುಖ ಕೆಂಪಾಗಿ ಎದೆ ಡವಡವ ಅಂತ ಹೊಡ್ಕೊಂಡು ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು, ಹಾರ್ಟಿನ ತೊಂದರೆ ಇದ್ರಂತೂ ಕೇಳೋದೇ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದ್ರ ಪರಿಣಾಮ ಇರಬಹುದು. ಅದನ್ನ ಕೊಡೋದಾದ್ರೆ ಡಾಕ್ಟರೇ ಪರೀಕ್ಷೆ ಮಾಡಿ, ಕುಡಿಯೋರಿಗೆ ಎಲ್ಲಾ ಹೇಳಿ ಒಪ್ಪಿಸಿ ಕೊಡ್ಬೇಕು. ಕುಡೀಬೇಕು ಅನ್ನೋ ಸೆಳೆತ ಕಮ್ಮಿ ಮಾಡೋ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳೂ ಇವೆ, ಅವು ಕೂಡ ಡಾಕ್ಟರ್ ಬರೆದುಕೊಟ್ರೇನೇ. ಕಳ್ಳತನದಲ್ಲಿ ಹಾಕಿದ್ದು ಒಂದಲ್ಲ ಒಂದಿನ ಗೊತ್ತಾಗೇ ಆಗುತ್ತೆ, ಆಮೇಲೆ ಆ ಮನುಷ್ಯ ಹೆಂಡ್ತಿ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳೋಕೂ ಅನುಮಾನ ಪಡ್ತಾನೆ. ಆ ನಂಬಿಕೆ ಹೋದ ಮೇಲೆ ನಾನು ಯಾವ ಕೌನ್ಸೆಲಿಂಗ್ ಮಾಡಿದ್ರೂ ಹತ್ತೋದಿಲ್ಲ.

ಈಗ ಸಂಜೆ ವಿಷ್ಯಕ್ಕೆ ಬರ್ತೀನಿ. ಒಬ್ರು ಗಾರೆ ಮೇಸ್ತ್ರಿ, ಅರಸೀಕೆರೆ ಕಡೆಯವರು, ನಲವತ್ತೈದರ ಆಸುಪಾಸು. ಸಾರಾಯಿ ಕಾಲದಿಂದಾನೂ ಕುಡೀತಿದ್ದೋರು, 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಬಿಟ್ಟೇಬಿಡೋಣ ಅನ್ಕೊಂಡಿದ್ರಂತೆ, ಆದ್ರೆ ಆಮೇಲೆ ಟೆಟ್ರಾ ಪ್ಯಾಕಿಗೆ ಹೋದ್ರು. ನನ್ನ ಹತ್ರ ಬಂದಿದ್ದು ಹೆಂಡ್ತಿ ಕಣ್ಣೀರಿಗೂ ಅಲ್ಲ, ಲಿವರ್ ರಿಪೋರ್ಟಿಗೂ ಅಲ್ಲ. ತೂಗುಗುಂಡು ಬಿಟ್ರೆ ದಾರ ನಿಲ್ತಿಲ್ಲ ಮೇಡಂ, ಕೈ ಆಡುತ್ತೆ, ಹುಡುಗ್ರು ನೋಡಿ ಮುಖ ತಿರುಗಿಸ್ತಾರೆ, ಅಂದ್ರು. ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ಬೆಳಿಗ್ಗೆ ಎಂಟು ಗಂಟೆಗೆ ಒಂದು ನೈಂಟಿ ಹಾಕ್ಲೇಬೇಕು ಅನ್ನೋ ಸ್ಥಿತಿ. ಆ ಮನುಷ್ಯನಿಗೆ ಕೆಲಸದ ಮೇಲೆ ಇದ್ದ ಗೌರವಾನೇ ನಮಗೆ ಸಿಕ್ಕಿದ ಹಿಡಿ. ಕುಡಿದ್ರೆ ಸತ್ತೋಗ್ತೀರಾ ಅಂತ ಹೆದರಿಸೋದಕ್ಕಿಂತ ಅವರಿಗೆ ಯಾವುದು ಬೇಕೋ ಅದನ್ನ ಅವರ ಬಾಯಿಂದಾನೇ ಕೇಳಿಸ್ಕೊಳ್ಳೋದು ಲೇಸು, ಇದು ನನಗೆ ಅನುಭವದಿಂದ ಗಟ್ಟಿಯಾಗಿದೆ.

ಹತ್ತು ದಿನ ಆಸ್ಪತ್ರೆ ಆಯ್ತು. ಆಮೇಲೆ ಅವರು, ಅವರ ಹೆಂಡ್ತಿ, ನಾನು ಮೂರು ಜನ ಕೂತು ಒಂದು ಹಾಳೆ ಮೇಲೆ ಅವರು ಸೈಟಿಂದ ಮನೆಗೆ ಬರೋ ದಾರಿ ಗೀಚಿದ್ವಿ. ಕರಣೆ ತೊಳೆದಿಟ್ಟು ಕೈಕಾಲು ತೊಳ್ಕೊಳ್ಳೋದು ಐದೂವರೆಗೆ, ಗ್ಯಾಂಗಿನ ಜೊತೆ ಬಸ್ ಸ್ಟ್ಯಾಂಡ್ ತನಕ ನಡಿಗೆ, ಅಲ್ಲಿ ಎಡಕ್ಕೆ ಬ್ರಾಂದಿ ಅಂಗಡಿ. ಮಧ್ಯಾಹ್ನ ಒಂದು ಗಂಟೆಗೆ ಮುದ್ದೆ ತಿಂದಿದ್ದು ಬಿಟ್ರೆ ಹೊಟ್ಟೆಗೆ ಏನೂ ಇಲ್ಲ. ಅಂದ್ರೆ ಆ ತಿರುವಿಗೆ ಬರೋ ಹೊತ್ತಿಗೆ ಹಸಿವು, ಮೈಕೈ ನೋವು, ಸ್ನೇಹಿತರು, ಜೇಬಲ್ಲಿ ದುಡ್ಡು ನಾಲ್ಕೂ ಒಟ್ಟಿಗೆ ಸೇರಿರುತ್ತೆ. ಅಲ್ಲಿ ನಿಂತು ಮನಸ್ಸು ಗಟ್ಟಿ ಮಾಡ್ಕೋ ಅಂದ್ರೆ ಯಾರಿಗೆ ಆಗುತ್ತೆ ಹೇಳಿ.

ಅದಕ್ಕೆ ಮನಸ್ಸಿನ ಸುದ್ದಿಗೆ ಹೋಗದೆ ಮೊದಲು ಹೊಟ್ಟೆ ನೋಡಿದ್ವಿ. ಸಂಜೆ ಐದು ಗಂಟೆಗೆ ಸೈಟಲ್ಲೇ ತಿನ್ನೋಕೆ ಅಂತ ಹೆಂಡ್ತಿ ಬೇರೆ ಡಬ್ಬಿ ಕಟ್ಟೋಕೆ ಶುರು ಮಾಡಿದ್ರು, ಒಂದಿನ ರಾಗಿ ರೊಟ್ಟಿ, ಒಂದಿನ ಬೇಯಿಸಿದ ಕಡಲೆಕಾಯಿ, ಜೊತೆಗೆ ಒಂದು ಬಾಟಲ್ ಮಜ್ಜಿಗೆ. ಹೊಟ್ಟೆ ತುಂಬಿದ್ರೆ ಅರ್ಧ ಆಸೆ ಅಲ್ಲೇ ಇಳಿಯುತ್ತೆ ಅಂತ ಮೇಸ್ತ್ರಿನೇ ಆಮೇಲೆ ಹೇಳಿದ್ರು. ದಾರಿ ಬದಲಾಯಿಸಿದ್ವಿ, ಕೆರೆ ಏರಿ ಮೇಲೆ ಸೈಕಲ್ಲು, ಹತ್ತು ನಿಮಿಷ ಜಾಸ್ತಿ ಆದ್ರೂ ಅಂಗಡಿ ಕಾಣಲ್ಲ. ಶನಿವಾರದ ಬಟವಾಡೆ ದುಡ್ಡು ನೇರ ಹೆಂಡ್ತಿ ಫೋನ್‌ಪೇಗೆ. ಇದನ್ನ ನಾನು ಹೇಳಿದ್ದಲ್ಲ, ಮೂರನೇ ವಾರ ಅವರೇ ಕೇಳಿದ್ದು, ಹಾಗೆ ಅವರಾಗೇ ಕೇಳೋವರೆಗೂ ನಾನು ದುಡ್ಡಿನ ಮಾತು ಎತ್ತಲ್ಲ. ಬಲವಂತವಾಗಿ ಜೇಬು ಖಾಲಿ ಮಾಡಿಸಿದ್ರೆ ಸಾಲ ಮಾಡಿ ಕುಡೀತಾರೆ.

ಆರೂವರೆಯಿಂದ ಎಂಟು ಗಂಟೆ ಅನ್ನೋದು ಎಲ್ಲಕ್ಕಿಂತ ಕಷ್ಟ ಆಯ್ತು. ಮನೇಲಿ ಕೂತ್ರೆ ಟಿವಿ, ಬೀಡಿ, ಸಿಡಿಮಿಡಿ, ಮಕ್ಕಳ ಮೇಲೆ ರೇಗಾಟ. ನಾನು ಮೊದಲೆಲ್ಲ ಯೋಗ, ಪ್ರಾಣಾಯಾಮ ಬೆಳಿಗ್ಗೆ ಮಾಡಿ ಅಂತ ಹೇಳ್ತಿದ್ದೆ, ಆದ್ರೆ ಕುಡಿತ ಬಿಟ್ಟ ಮೇಲೆ ಬೆಳಿಗ್ಗೆ ಬಹಳ ಜನಕ್ಕೆ ಕುಡಿಯೋ ತಲಬು ಅಷ್ಟು ಇರಲ್ಲ, ಔಷಧಿ ಬೇಕಿರೋ ಹೊತ್ತೇ ಬೇರೆ. ಈಗ ಸಂಜೆ ಸ್ನಾನ ಮಾಡಿ ಇಪ್ಪತ್ತು ನಿಮಿಷ ಉಸಿರು ನಿಧಾನಕ್ಕೆ ಬಿಡೋದು, ಬೆನ್ನು ಸೊಂಟ ಎಳೆಯೋ ನಾಲ್ಕು ಆಸನ ಅಷ್ಟೇ. ಆಮೇಲೆ ಮೇಸ್ತ್ರಿ ಬೀದಿಯ ಭಜನೆ ಮಂಡಳಿಗೆ ಹೋಗೋಕೆ ಶುರು ಮಾಡಿದ್ರು, ಹಾಡೋಕೆ ಬರಲ್ಲ ಅಂತ ಅವರ ಕೈಗೆ ತಾಳ ಕೊಟ್ರು. ನಡುಗೋ ಕೈಯಲ್ಲಿ ತಾಳ ಹಿಡ್ಕೊಂಡು ಮೊದಲ ವಾರ ಎಲ್ಲೆಲ್ಲೋ ಬಾರಿಸಿದ್ರಂತೆ, ಯಾರೂ ಏನೂ ಅನ್ಲಿಲ್ಲ. ಮೂರನೇ ವಾರಕ್ಕೆ ಕೈ ಕೂತ್ಕೊಂಡಿತು. ನಿದ್ದೆ ಮಾತ್ರ ಇನ್ನೂ ಎರಡು ತಿಂಗಳು ಸರಿಯಾಗಿ ಬರ್ಲಿಲ್ಲ, ಇದು ಬಹಳ ಜನರನ್ನ ಮತ್ತೆ ಕುಡಿತಕ್ಕೆ ತಳ್ಳುತ್ತೆ, ಒಂದು ಹಾಕಿದ್ರೆ ನಿದ್ದೆ ಬರುತ್ತೆ ಅಂತ. ನಿದ್ದೆ ಬರದಿರೋದು ರೋಗ ವಾಪಸ್ ಬಂದಿದ್ದಲ್ಲ, ಮೆದುಳು ಸರಿ ಹೋಗ್ತಿದೆ, ಅದಕ್ಕೆ ಟೈಮ್ ಹಿಡಿಯುತ್ತೆ ಅಂತ ನಾನು ಮುಂಚೇನೇ ಹೇಳಿಟ್ಟಿರ್ತೀನಿ. ಗೊತ್ತಿದ್ರೆ ಜನ ಎಷ್ಟೋ ತಡ್ಕೊಳ್ತಾರೆ.

ಹೆಂಡ್ತಿ ಬಗ್ಗೆ ಒಂದು ಮಾತು. ಗಂಡ ಒಳಗೆ ಬಂದ ತಕ್ಷಣ ಬಾಯಿ ಮೂಸೋದು, ಅಂಗಿ ಜೇಬು ತಡಕೋದು ಈಯಮ್ಮನಿಗೆ ಹದಿನೆಂಟು ವರ್ಷದ ಅಭ್ಯಾಸ. ಅಕ್ಕಾ, ಅವರು ಕುಡೀದೇ ಬಂದ್ರೂ ನಂಗೆ ಎದೆ ಹೊಡ್ಕೊಳ್ಳುತ್ತೆ, ಬಾಗಿಲ ಸದ್ದಾದ್ರೆ ಸಾಕು ಕೈ ತಣ್ಣಗಾಗುತ್ತೆ, ಅಂತ ಒಂದಿನ ಹೇಳಿದ್ರು. ಎಲ್ರೂ ಮೇಸ್ತ್ರಿ ಹೇಗಿದಾರೆ ಅಂತ ಕೇಳ್ತಿದ್ರೇ ಹೊರತು ಈಯಮ್ಮನ್ನ ಯಾರೂ ಕೇಳಿರ್ಲಿಲ್ಲ. ಮನೆಯವರಿಗೂ ಅಷ್ಟೇ ದಿನದ ಆರೈಕೆ ಬೇಕು. ಅವರಿಗೆ ಅಂತ ಬೇರೆ ಟೈಮ್ ಕೊಟ್ಟೆ, ಹದಿನೈದು ದಿನಕ್ಕೊಂದು ಸಲ ಒಬ್ರೇ ಬಂದು ಅತ್ತು, ಬೈದು, ಕಾಫಿ ಕುಡಿದು ಹೋಗ್ತಿದ್ರು. ಗಂಡ ಕುಡಿದು ಮಲಗಿದ್ದಾಗ ಜ್ವರ ಅಂತ ಮಾಲೀಕರಿಗೆ ಸುಳ್ಳು ಹೇಳೋದನ್ನ ನಿಲ್ಲಿಸಿದ್ದೂ ಅಲ್ಲೇ ಮಾತಾಡಿ ಮಾತಾಡಿ.

ಐದನೇ ತಿಂಗಳಲ್ಲಿ ಮೇಸ್ತ್ರಿ ಮತ್ತೆ ಕುಡಿತಕ್ಕೆ ಬಿದ್ರು. ಭಾವನ ತಿಥಿ ದಿನ, ಬಾಡೂಟ ಆದ್ಮೇಲೆ ಯಾರೋ ಒಂದು ಗ್ಲಾಸ್ ಕೈಗಿಟ್ರು, ಆ ಒಂದು ಮೂರು ದಿನ ಆಯ್ತು. ನಾಲ್ಕನೇ ದಿನ ಅವರೇ ಫೋನ್ ಮಾಡಿದ್ರು. ಆಣೆ ಪ್ರಮಾಣ ಮಾಡಿಸಿದ್ರೆ ಆ ಫೋನ್ ಬರ್ತಿರ್ಲಿಲ್ಲ ಅಂತ ನನಗೆ ಖಾತ್ರಿ ಇದೆ, ಆಣೆ ಮುರಿದೋನು ದೇವಸ್ಥಾನಕ್ಕೂ ಹೋಗಲ್ಲ, ಕೌನ್ಸೆಲರ್ ಹತ್ರಾನೂ ಬರಲ್ಲ, ಪಾಪ ಹತ್ತಿತು ಇನ್ನೇನು ಅಂತ ಮುಳುಗೇ ಹೋಗ್ತಾನೆ. ನಾವು ಮತ್ತೆ ಕೂತು ಹಿಂದಿನ ಹದಿನೈದು ದಿನ ಹೇಗಿತ್ತು ಅಂತ ನೋಡಿದ್ವಿ. ಮಗಳ ಕಾಲೇಜ್ ಫೀಸು, ಸಂಘದ ಸಾಲದ ಕಂತು ಎರಡೂ ಒಂದೇ ವಾರ ಬಂದು ಓವರ್‌ಟೈಮ್ ಮಾಡ್ತಿದ್ರು, ಭಜನೆ ತಪ್ಪಿತ್ತು, ಸಂಜೆ ಡಬ್ಬಿ ತಪ್ಪಿತ್ತು. ಗ್ಲಾಸ್ ಕೈಗೆ ಬಂದಿದ್ದು ತಿಥಿ ದಿನ, ಬೀಳೋಕೆ ಶುರುವಾಗಿದ್ದು ಅದಕ್ಕಿಂತ ಎಷ್ಟೋ ದಿನ ಮುಂಚೆ. ಫೀಸಿಗೆ ಕಾಲೇಜಲ್ಲಿ ಮಾತಾಡಿ ಎರಡು ಕಂತು ಮಾಡಿಸಿದ್ವಿ. ಅದೂ ಕೌನ್ಸೆಲಿಂಗೇ.

ಒಬ್ಬರೇ ಕೌನ್ಸೆಲರ್ ಕೈಲಿ ಇದೆಲ್ಲ ಆಗೋ ಮಾತಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಈಗ ನಮ್ಮ ಕಡೆನೂ ಕನ್ನಡದಲ್ಲೇ ನಡೆಯುತ್ತೆ, ಒಂದು ಪೈಸೆ ಫೀಸಿಲ್ಲ, ಮತ್ತೆ ಅದು ನಡೆಯೋದು ಹೆಚ್ಚಾಗಿ ಸಂಜೆ ಹೊತ್ತಲ್ಲಿ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ ನನಗೆ ಇಷ್ಟ ಆಗೋದು ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಬಿಟ್ಟೋರನ್ನ ಸೇರಿಸ್ತಾ ಇರೋದು. ಕೇಸ್ ಕಷ್ಟ ಇದ್ರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸ್ತೀನಿ, ಅಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ. ರಾತ್ರಿ ಹೊತ್ತು ಯಾರೂ ಸಿಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ಈ ನಂಬರನ್ನ ಎಲ್ರ ಫೋನಲ್ಲೂ ನಾನೇ ಸೇವ್ ಮಾಡಿ ಕಳಿಸ್ತೀನಿ.

ಮೇಸ್ತ್ರಿ ಕುಡಿತ ಬಿಟ್ಟು ಈಗ ನಾಲ್ಕನೇ ವರ್ಷ. ನಾನು ಈಗ ದೀಪಾವಳಿ ಮುಗಿದ ಕೂಡ್ಲೇ ಅಯ್ಯಪ್ಪ ಮಾಲೆ ಹಾಕೋ ನಮ್ಮ ತಾಲೂಕಿನ ಗುರುಸ್ವಾಮಿಗಳ ಹತ್ರ ಒಂದು ಸುತ್ತು ಹೋಗಿ ಬರ್ತೀನಿ, ಆ ಹುಡುಗನ ಕಥೆ ಆದ್ಮೇಲೆ ಒಂದು ವರ್ಷಾನೂ ತಪ್ಪಿಸಿಲ್ಲ. ಮೊದಮೊದಲು ವ್ರತದ ವಿಷ್ಯಕ್ಕೆ ಈಯಮ್ಮ ಯಾಕೆ ಬರ್ತಾರೆ ಅಂತ ಮುಖ ಗಂಟು ಹಾಕ್ತಿದ್ರು. ಹೋದ ವಾರ ಅವರಲ್ಲೇ ಒಬ್ರು ಫೋನ್ ಮಾಡಿ, ಮೇಡಂ ಈ ಸಲ ಹೊಸಬರು ಒಂಬತ್ತು ಜನ, ಅದ್ರಲ್ಲಿ ಇಬ್ರು ಬೆಳಿಗ್ಗೆನೇ ಕುಡಿಯೋರು, ನಿಮ್ಮ ಡಾಕ್ಟರ್ ನೋಡಿ ಹೂಂ ಅಂದ ಮೇಲೇನೇ ಮಾಲೆ ಹಾಕ್ತೀನಿ, ಸೋಮವಾರ ಕಳಿಸ್ಲಾ ಅಂದ್ರು.