ಕೆರೆಯ ಮೀನಿನಲ್ಲಿ ಪಾದರಸ: ಮಾದರಿ ತೆಗೆಯುವ, ವರದಿ ಓದುವ ಮತ್ತು ಮೀನು ಆರಿಸುವ ಕ್ರಮ

ಕೋಲಾರ ಜಿಲ್ಲೆಯಲ್ಲಿ ಕೆರೆಯ ಮೀನು ತಿನ್ನಬಹುದೇ ಎಂಬ ಪ್ರಶ್ನೆ ಎದ್ದಾಗ ಉತ್ತರವಾಗಿ ಸಾಮಾನ್ಯವಾಗಿ ಮುಂದೆ ಬರುವುದು ನೀರಿನ ಪರೀಕ್ಷೆಯ ವರದಿ. ಅದರಲ್ಲಿ ಪಾದರಸದ ಎದುರು ‘ಪತ್ತೆಯಾಗಿಲ್ಲ’ ಎಂದಿದ್ದರೆ ಮೀನೂ ನಿರಪಾಯವೆಂದು ತಿಳಿದು ಮಾತು ಮುಗಿಸುತ್ತೇವೆ. ಇದು ತಪ್ಪು ತೀರ್ಮಾನ. ಕುಡಿಯುವ ನೀರಿಗೆ ಭಾರತೀಯ ಮಾನಕವು ನಿಗದಿಪಡಿಸಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ ಪಾದರಸ. ಅದರ ಸಾವಿರದಲ್ಲೊಂದು ಪಾಲಿನಷ್ಟು ಮೀಥೈಲ್ ಪಾದರಸ (ಜೀವಿಗಳ ದೇಹದಲ್ಲಿ ಸೇರಿಕೊಳ್ಳುವ, ಪಾದರಸದ ವಿಷಕಾರಿ ರೂಪ) ಮಾತ್ರ ನೀರಿನಲ್ಲಿದ್ದರೂ, ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತ ಅದು ಹತ್ತು ಲಕ್ಷ ಪಟ್ಟು ಸಾಂದ್ರಗೊಂಡು ಕೊನೆಯ ಮೀನಿನ ಮಾಂಸದಲ್ಲಿ ಕಿಲೋಗೆ 1 ಮಿಲಿಗ್ರಾಂ ತಲುಪಬಹುದು. ಆದ್ದರಿಂದ ಮೀನಿನ ಬಗ್ಗೆ ತಿಳಿಯಬೇಕಾದರೆ ಮೀನನ್ನೇ ಪರೀಕ್ಷಿಸಬೇಕು.

ನಮ್ಮ ಕೆರೆಗಳ ವಿಚಾರದಲ್ಲಿ ಇದು ಮುಖ್ಯವಾಗಲು ಕಾರಣಗಳಿವೆ. ನೀರಿಗೆ ಬಿದ್ದ ಪಾದರಸವನ್ನು ವಿಷಕಾರಿ ಮೀಥೈಲ್ ಪಾದರಸವಾಗಿ ಮಾರ್ಪಡಿಸುವುದು ಆಮ್ಲಜನಕವಿಲ್ಲದ ಹೂಳಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಸಲ್ಫೇಟ್ ಮತ್ತು ಕೊಳೆಯುವ ಸಸ್ಯ ಅವಕ್ಕೆ ಆಹಾರ. ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದು ನಿಂತ ಕೆರೆಯಂಗಳಕ್ಕೆ ಒಮ್ಮೆಲೇ ನೀರು ಬಂದಾಗ ಆ ಗಿಡಗಳೆಲ್ಲ ಮುಳುಗಿ ಕೊಳೆಯುತ್ತವೆ. ಹೊಸದಾಗಿ ಕಟ್ಟಿದ ಜಲಾಶಯಗಳಲ್ಲಿ ಮೊದಲ ಕೆಲವು ವರ್ಷ ಮೀನಿನ ಪಾದರಸ ಏರುವುದನ್ನು ಕೆನಡಾದಂಥ ದೇಶಗಳಲ್ಲಿ ಗುರುತಿಸಿರುವುದು ಇದೇ ಕಾರಣದಿಂದ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭಿಸಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂತು; ಬತ್ತಿದ್ದ ಕೆರೆಗಳು ತುಂಬಿ ಅಂತರ್ಜಲ ಮೇಲೆದ್ದದ್ದು ಎಲ್ಲರೂ ಕಂಡ ಸತ್ಯ. ಆ ನೀರಿನಲ್ಲಿ ಬೆಳೆದ ಮೀನನ್ನು ಪರೀಕ್ಷಿಸುವುದು ಯೋಜನೆಯ ವಿರೋಧವಲ್ಲ, ಅದರ ಫಲವನ್ನು ಉಣ್ಣುವವರ ಹಕ್ಕು. ಇತ್ತ ಕೆ.ಜಿ.ಎಫ್. ಸುತ್ತಮುತ್ತಲಿನವರಿಗೆ ಇನ್ನೊಂದು ಕಾರಣವಿದೆ. ಗಣಿಯಲ್ಲಿ ಅದಿರಿನಿಂದ ಚಿನ್ನ ಬೇರ್ಪಡಿಸಲು ಹಿಂದಿನ ಕಾಲದಲ್ಲಿ ಪಾದರಸವನ್ನೂ ಬಳಸಲಾಗುತ್ತಿತ್ತು; 2001ರಲ್ಲಿ ಗಣಿ ಮುಚ್ಚಿದರೂ ತ್ಯಾಜ್ಯದ ಸೈನೈಡ್ ಗುಡ್ಡಗಳು ಅಲ್ಲಿಯೇ ನಿಂತಿವೆ, ಮಳೆನೀರು ಅವುಗಳ ಮೇಲಿನಿಂದ ಹರಿಯುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆ ಮೀನಿನ ಜಾತಿಯನ್ನು ಆರಿಸುವುದು. ಬೇರೆ ಮೀನುಗಳನ್ನು ಹಿಡಿದು ತಿನ್ನುವ ಕೊರವ, ಅಂದರೆ ನಮ್ಮ ಕಡೆ ಕೊರಮೀನು ಎನ್ನುವುದು, ಮತ್ತು ಬಾಳೆಮೀನು ಆಹಾರ ಸರಪಳಿಯ ತುದಿಯಲ್ಲಿರುವುದರಿಂದ ಪಾದರಸ ಹೆಚ್ಚಾಗಿ ಸೇರುವುದು ಅವುಗಳಲ್ಲಿಯೇ. ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಪಾಚಿ, ಸೂಕ್ಷ್ಮಜೀವಿ ಮತ್ತು ಸಸ್ಯಗಳನ್ನು ತಿಂದು ಬೇಗ ಬೆಳೆಯುತ್ತವೆ. ಮರಿ ಬಿಟ್ಟ ವರ್ಷದಲ್ಲೇ ಬಲೆಗೆ ಬರುವ ಕಿಲೋ ತೂಕದ ಕಾಟ್ಲಾದ ದೇಹಕ್ಕೆ ಪಾದರಸ ಶೇಖರಿಸಿಕೊಳ್ಳುವಷ್ಟು ಕಾಲವೇ ಸಿಕ್ಕಿರುವುದಿಲ್ಲ. ಹೀಗಾಗಿ ಒಂದೇ ಜಾತಿಯನ್ನು ಪರೀಕ್ಷಿಸಿ ಇಡೀ ಕೆರೆಗೆ ತೀರ್ಪು ಕೊಡಬಾರದು. ಖರ್ಚಿಗೆ ಹಣ ಕಡಿಮೆಯಿದ್ದರೆ ಮೊದಲು ದೊಡ್ಡ ಕೊರಮೀನನ್ನು ಪರೀಕ್ಷಿಸಿ. ಅದರಲ್ಲಿ ಪ್ರಮಾಣ ಕಡಿಮೆಯಿದ್ದರೆ ಅದೇ ಕೆರೆಯ ಕಾಟ್ಲಾದ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಆದರೆ ಕಾಟ್ಲಾದ ಒಳ್ಳೆಯ ವರದಿಯನ್ನು ಹಿಡಿದು ಕೊರಮೀನು ಸುರಕ್ಷಿತವೆನ್ನಲು ಬರುವುದಿಲ್ಲ.

ಕೆರೆಯ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರಿಗೆ ಅಥವಾ ಮೀನುಗಾರರ ಸಹಕಾರ ಸಂಘಕ್ಕೆ ಸೇರಿರುವುದರಿಂದ, ಅವರಿಗೆ ಉದ್ದೇಶವನ್ನು ಬಿಚ್ಚಿ ಹೇಳಿ, ಅವರ ಎದುರಿನಲ್ಲಿಯೇ, ಬಲೆ ಎಳೆಯುವ ದಿನವೇ ಮೀನನ್ನು ದುಡ್ಡು ಕೊಟ್ಟು ಕೊಳ್ಳಿ. ಸಂತೆಯಲ್ಲಿ ಕೊಂಡ ಮೀನು ಯಾವ ಕೆರೆಯದೆಂದು ಯಾರೂ ಖಚಿತವಾಗಿ ಹೇಳಲಾರರು. ಒಂದು ಜಾತಿಯಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಐದು ಮೀನುಗಳಾದರೂ ಇರಲಿ. ಪ್ರತಿಯೊಂದರ ಉದ್ದ, ತೂಕ, ಹಿಡಿದ ದಿನ, ಕೆರೆಯ ಹೆಸರು, ತೂಬಿನ ಬಳಿಯೋ ಕೋಡಿಯ ಬಳಿಯೋ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ಉದ್ದ ಬರೆಯದ ಮಾದರಿಯನ್ನು ನಾನು ಅರ್ಧ ಮಾದರಿಯೆಂದೇ ಎಣಿಸುತ್ತೇನೆ, ಏಕೆಂದರೆ ಒಂದೇ ಜಾತಿಯಲ್ಲಿಯೂ ಮೀನು ಬೆಳೆದಷ್ಟೂ ಪಾದರಸ ಏರುತ್ತದೆ, ಗಾತ್ರ ಗೊತ್ತಿಲ್ಲದ ಅಂಕಿಯನ್ನು ಮುಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಲಾಗದು.

ಮೀನನ್ನು ಹಳೆಯ ಪತ್ರಿಕೆಯಲ್ಲಿ ಸುತ್ತದೆ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಜುಗಡ್ಡೆಯ ನಡುವೆ ಇಡಿ. ಪ್ರಯೋಗಾಲಯವು ಇಡೀ ಮೀನನ್ನು ಸ್ವೀಕರಿಸುವುದಾದರೆ ಹಾಗೆಯೇ ಕಳಿಸುವುದು ಒಳ್ಳೆಯದು. ಸ್ವೀಕರಿಸದಿದ್ದರೆ ತೊಳೆದ ಸ್ಟೀಲ್ ಚಾಕುವಿನಿಂದ ಬೆನ್ನಿನ ಭಾಗದ ಮಾಂಸವನ್ನು ಸಿಪ್ಪೆ, ಮುಳ್ಳು ಬಿಡಿಸಿ ಸುಮಾರು 100 ಗ್ರಾಂ ತೆಗೆಯಿರಿ. ಒಂದು ಮೀನು ಕೊಯ್ದ ಮೇಲೆ ಚಾಕು ಮತ್ತು ಹಲಗೆಯನ್ನು ತೊಳೆದೇ ಮುಂದಿನದನ್ನು ಮುಟ್ಟಬೇಕು. ಅದೇ ದಿನ ಕಳಿಸಲಾಗದಿದ್ದರೆ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಕರಗದಂತೆ ಬೆಂಗಳೂರಿಗೆ ಸಾಗಿಸಿ.

ಪ್ರಯೋಗಾಲಯವು ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟವನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದಿರಬೇಕು. ಅಷ್ಟೇ ಸಾಲದು, ಮೀನಿನಲ್ಲಿ ಪಾದರಸ ಅಳೆಯುವುದು ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ಕೇಳಿ. ‘ಒಟ್ಟು ಪಾದರಸ, ಹಸಿ ತೂಕದ ಆಧಾರದಲ್ಲಿ’ ಎಂದು ಸ್ಪಷ್ಟವಾಗಿ ಬರೆದುಕೊಡಿ. ಬೇಟೆಯಾಡುವ ಮೀನಿನ ಮಾಂಸದಲ್ಲಿರುವ ಪಾದರಸದ ಬಹುಪಾಲು ಮೀಥೈಲ್ ರೂಪದ್ದೇ ಆಗಿರುವುದರಿಂದ ದುಬಾರಿಯಾದ ಪ್ರತ್ಯೇಕ ಪರೀಕ್ಷೆ ಮೊದಲ ಸುತ್ತಿನಲ್ಲಿ ಬೇಕಾಗುವುದಿಲ್ಲ. ಒಣ ತೂಕದ ಆಧಾರದಲ್ಲಿ ಕೊಟ್ಟ ಅಂಕಿ ನಾಲ್ಕೈದು ಪಟ್ಟು ದೊಡ್ಡದಾಗಿ ಕಂಡು ಊರನ್ನೇ ಹೆದರಿಸಬಹುದು, ಮೀನಿನ ಮಾಂಸದ ಮುಕ್ಕಾಲು ಪಾಲು ನೀರೇ ತಾನೇ. ಅಂಕಿಯನ್ನು ಕಿಲೋಗೆ ಇಷ್ಟು ಮೈಕ್ರೋಗ್ರಾಂ ಎಂದು ಕೊಟ್ಟಿದ್ದರೆ 1000ದಿಂದ ಭಾಗಿಸಿ ಮಿಲಿಗ್ರಾಂಗೆ ತನ್ನಿ.

ಕೊರವದಂಥ ಬೇಟೆ ಮೀನು ಬಿಟ್ಟು ಉಳಿದ ಮೀನುಗಳಿಗೆ ಒಪ್ಪಿತವಾದ ಮಿತಿ ಕಿಲೋಗೆ 0.5 ಮಿಲಿಗ್ರಾಂ. ಆದರೆ ಈ ಅಂಕಿ ಮಾರಾಟಕ್ಕೆ ಸಂಬಂಧಿಸಿದ್ದು. ವಾರಕ್ಕೆ ಎಷ್ಟು ತಿನ್ನಬಹುದು ಎಂಬುದಕ್ಕೆ ಬೇರೆ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸದ ಮಿತಿಯನ್ನು ನಿಗದಿಪಡಿಸಿತು. ದೇಹತೂಕವನ್ನು 1.6ರಿಂದ ಗುಣಿಸಿ, ಬಂದದ್ದನ್ನು ವರದಿಯ ಮಿಲಿಗ್ರಾಂ ಅಂಕಿಯಿಂದ ಭಾಗಿಸಿದರೆ ವಾರಕ್ಕೆ ತಿನ್ನಬಹುದಾದ ಮೀನು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ವರದಿ 0.3 ಎಂದಿದ್ದರೆ 60 ಕಿಲೋ ತೂಕದ ವ್ಯಕ್ತಿಗೆ 320 ಗ್ರಾಂ. 15 ಕಿಲೋ ತೂಕದ ಮಗುವಿಗೆ 80 ಗ್ರಾಂ ಮಾತ್ರ, ಅಂದರೆ ಒಂದು ತುಂಡು. ಮಿತಿಯ ಒಳಗೇ ಇರುವ ಮೀನು ಕೂಡ ಮಗುವಿನ ತಟ್ಟೆಯಲ್ಲಿ ಹೆಚ್ಚಾಗಬಹುದು ಎಂಬುದು ಈ ಲೆಕ್ಕ ಮಾಡಿದಾಗಲಷ್ಟೇ ಕಾಣುತ್ತದೆ. ಗರ್ಭಿಣಿಯರಿಗೆ 1.6ರ ಬದಲು ಅಮೆರಿಕದ ಪರಿಸರ ಸಂಸ್ಥೆಯ ಮಿತಿಗೆ ಸಮನಾದ 0.7 ಬಳಸುವುದು ಇನ್ನೂ ಜಾಗರೂಕ ಕ್ರಮ.

ಗರ್ಭಿಣಿಯರ ಮಾತನ್ನು ಒತ್ತಿ ಹೇಳಲು ಕಾರಣವಿದೆ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟಾ ದುರಂತದಲ್ಲಿ, ಹೇಳಿಕೊಳ್ಳುವಂಥ ತೊಂದರೆ ಕಾಣದಿದ್ದ ತಾಯಂದಿರಿಗೂ ಮಿದುಳಿಗೆ ತೀವ್ರ ಹಾನಿಯಾದ ಮಕ್ಕಳು ಹುಟ್ಟಿದರು. ನಮ್ಮಲ್ಲಿ ಮುಳ್ಳು ಕಡಿಮೆ, ಮೈಗೆ ಬಲ ಎಂದು ನಿತ್ರಾಣರಿಗೆ ಹುಡುಕಿ ತರುವುದು ಕೊರಮೀನನ್ನೇ. ಪ್ರೀತಿಯಿಂದ ಆರಿಸಿದ ಮೀನೇ ಹೆಚ್ಚು ಪಾದರಸ ಹೊತ್ತಿರಬಹುದೆಂಬುದು ನನ್ನನ್ನು ಬಹಳ ಕಾಡುವ ಸಂಗತಿ. ವರದಿ ಕೈಗೆ ಬರುವವರೆಗೆ ಗರ್ಭಿಣಿಯರು, ಹಾಲೂಡುವ ತಾಯಂದಿರು ಮತ್ತು ಚಿಕ್ಕ ಮಕ್ಕಳಿಗೆ ದೊಡ್ಡ ಕೊರಮೀನು, ಬಾಳೆಮೀನು ಬೇಡ; ಕಿಲೋ ಆಸುಪಾಸಿನ ಕಾಟ್ಲಾ, ರೋಹು, ಅಥವಾ ಜಿಲೇಬಿ ಕೊಡಿ. ಮೀನನ್ನೇ ಬಿಡಿಸಬೇಡಿ, ಅದರ ಪ್ರೋಟೀನು ಮತ್ತು ಒಳ್ಳೆಯ ಕೊಬ್ಬು ಅವರಿಗೆ ಬೇಕೇ ಬೇಕು. ಹುಣಸೆಹುಳಿಯಲ್ಲಿ ನೆನೆಸುವುದು, ಅರಿಶಿನ ಹಚ್ಚುವುದು, ಸಿಪ್ಪೆ ಸುಲಿಯುವುದು, ಸಾರನ್ನು ಹೆಚ್ಚು ಹೊತ್ತು ಕುದಿಸುವುದು ಯಾವುದರಿಂದಲೂ ಪಾದರಸ ಹೋಗುವುದಿಲ್ಲ. ಅದು ಕೊಬ್ಬಿನಲ್ಲಿಲ್ಲ, ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ.

ಅಂಕಿ ಮಿತಿಯನ್ನು ದಾಟಿದ್ದರೆ ವರದಿಯ ಪ್ರತಿಯನ್ನು ಮೀನುಗಾರಿಕೆ ಇಲಾಖೆ, ಆಹಾರ ಸುರಕ್ಷತಾ ಅಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗುತ್ತಿಗೆದಾರರಿಗೆ ಅದಕ್ಕೂ ಮೊದಲೇ ತಿಳಿಸಿ. ಮರುಪರೀಕ್ಷೆಯನ್ನು ಮುಂದಿನ ವರ್ಷ ಅದೇ ತಿಂಗಳಿನಲ್ಲಿ, ಅದೇ ಕೆರೆಯಲ್ಲಿ, ಅದೇ ಉದ್ದದ ಅದೇ ಜಾತಿಯ ಮೀನಿನಿಂದ ಮಾಡಿಸಿ, ಈ ಬಾರಿ ಬರೆದಿಟ್ಟ ಪುಸ್ತಕದ ಪಕ್ಕದ ಪುಟದಲ್ಲಿಯೇ ಆ ಅಂಕಿಗಳನ್ನೂ ಬರೆಯಿರಿ.