ತಂಬೂರಿಗೆ ಹೂಂಗುಟ್ಟಿ, ನರಗಳನ್ನು ತಣಿಸಿ

ಬೆಟಗೇರಿಯ ಮಗ್ಗದ ಮನೆಯಲ್ಲಿ ಲಾಳಿಯ ಸದ್ದಿನ ಪಕ್ಕದಲ್ಲೇ ಕೂಸು ತೊಟ್ಟಿಲಲ್ಲಿ ನಿದ್ದೆ ಹೋಗುತ್ತದೆ. ಬೀದಿಯಲ್ಲಿ ಒಂದು ಹಾರ್ನ್ ಕೇಳಿದರೆ ಅದೇ ಕೂಸು ಬೆಚ್ಚಿ ಏಳುತ್ತದೆ. ಮಗ್ಗದ ಸದ್ದೇನೂ ಸಣ್ಣದಲ್ಲ. ಆದರೆ ಮುಂದಿನ ಹೊಡೆತ ಯಾವಾಗ ಬೀಳುತ್ತದೆಂದು ಕಿವಿಗೆ ಗೊತ್ತು. ಸದ್ದು ಎಷ್ಟು ದೊಡ್ಡದು ಎಂಬುದರಷ್ಟೇ, ಅದು ಎಷ್ಟು ಹಠಾತ್ತಾಗಿ ಬಂತು ಎಂಬುದೂ ನರಗಳನ್ನು ಕೆರಳಿಸುತ್ತದೆ. ಹಾಗಾಗಿ ದಿನವಿಡೀ ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಬಿಗಿದುಕೊಂಡ ಮೈಯನ್ನು ಸಡಿಲಿಸಲು ಬದಲಾಗದ, ಎದುರುನೋಡಬಹುದಾದ ಸದ್ದು ಬೇಕು. ಧಾರವಾಡದ ಗಾಯಕರ ಬೆನ್ನ ಹಿಂದೆ ಸದಾ ಮಿಡಿಯುವ ತಂಬೂರಿ ಅಂಥದ್ದು.

ಬೇಕಾದದ್ದು ಇಷ್ಟೇ: ಫೋನಿನಲ್ಲಿ ಒಂದು ತಂಬೂರಿ ಆ್ಯಪ್ (ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಆದೀತು), ಬೆನ್ನಿಗೆ ಆಸರೆಯಿರುವ ಕುರ್ಚಿ, 20 ನಿಮಿಷ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಎರಡು ಮಾರು ದೂರದಲ್ಲಿಡಿ. ಇಯರ್‌ಫೋನ್ ಬೇಡ. ನೀವು ಮೆಲ್ಲಗೆ ಮಾತಾಡಿದರೂ ನಿಮ್ಮ ದನಿ ತಂಬೂರಿಯನ್ನು ದಾಟಿ ಕೇಳಬೇಕು, ಸದ್ದು ಅಷ್ಟೇ ಇರಲಿ.

ಮೊದಲ ಕೆಲಸ ನಿಮ್ಮ ಷಡ್ಜ, ಎಂದರೆ ನಿಮ್ಮ ‘ಸಾ’, ಹುಡುಕುವುದು. ಯಾರೋ ಕಥೆ ಹೇಳುತ್ತಿದ್ದಾರೆ, ನೀವು ಹೂಂಗುಟ್ಟುತ್ತಿದ್ದೀರಿ ಎಂದುಕೊಳ್ಳಿ. ತುಟಿ ಮುಚ್ಚಿ ಸಹಜವಾಗಿ ಬರುವ ಆ ‘ಹೂಂ’ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಎತ್ತರ. ಆ್ಯಪಿನ ಶ್ರುತಿಯನ್ನು ಅಲ್ಲಿಗೆ ತನ್ನಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹಾಡುವ ಗಂಡಸರು ಸಾಮಾನ್ಯವಾಗಿ ಕರಿ ಒಂದು ಅಥವಾ ಬಿಳಿ ಎರಡರಲ್ಲಿ, ಹೆಂಗಸರು ಕರಿ ನಾಲ್ಕು–ಐದರಲ್ಲಿ ಹಾಡುತ್ತಾರೆ. ಇಲ್ಲಿ ಹಾಡುವ ಮಾತಿಲ್ಲ, ಆದ್ದರಿಂದ ಕೆಳಗೇ ಇರಲಿ. ಗಂಟಲು ಎತ್ತಿ ಹಿಡಿದರೆ ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ, ಮಾಡಿದ್ದೆಲ್ಲ ವ್ಯರ್ಥ. ದನಿ ಶ್ರುತಿಗೆ ಸೇರಿತೋ ಇಲ್ಲವೋ ತಿಳಿಯಲು ಒಂದು ಗುರುತುಂಟು. ಕೂದಲೆಳೆಯಷ್ಟು ತಪ್ಪಿದ್ದರೆ ಎರಡು ದನಿಗಳ ನಡುವೆ ‘ವಂವ್‌ವಂವ್’ ಎಂಬ ತೂಗಾಟ ಕೇಳುತ್ತದೆ. ಹತ್ತಿರ ಬಂದಂತೆ ತೂಗಾಟ ನಿಧಾನವಾಗಿ, ಕೂಡಿದಾಗ ಮಾಯವಾಗುತ್ತದೆ.

ಈಗ ಉಸಿರು. ತಂಬೂರಿಯ ತಂತಿಗಳೆಲ್ಲ ಒಮ್ಮೆ ಮಿಡಿದರೆ ಒಂದು ಸುತ್ತು; ಮೂರು ಸುತ್ತಿಗೆ ಸುಮಾರು 10 ಸೆಕೆಂಡು ಹಿಡಿಯುವಂತೆ ವೇಗ ಹೊಂದಿಸಿ. ಒಂದು ಸುತ್ತಿನಲ್ಲಿ ಮೂಗಿನಿಂದ ಉಸಿರು ಒಳಗೆ, ಎರಡು ಸುತ್ತು ‘ಮ್’ ಎಂದು ಗುನುಗುತ್ತ ಹೊರಗೆ. ಅಲ್ಲಿಗೆ ನಿಮಿಷಕ್ಕೆ 6 ಉಸಿರು. ತುಟಿ ಮುಚ್ಚಿರಲಿ, ಹಲ್ಲು ಮಾತ್ರ ತಾಗಬಾರದು. ಸರಿಯಾಗಿದ್ದರೆ ತುಟಿ, ಮೂಗಿನ ಪಕ್ಕದಲ್ಲಿ ಝುಮುಝುಮು ಎನ್ನುತ್ತದೆ.

ಉಸಿರು ಎಳೆದಾಗ ಹೃದಯ ತುಸು ಬೇಗ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಗಂಟಲು, ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹೃದಯಕ್ಕೆ ಹಾಕುವ ಬ್ರೇಕ್ ಅದು. ಮಣಿಕಟ್ಟಿನ ನಾಡಿ ಹಿಡಿದರೆ ನಿಮಗೇ ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ವ್ಯತ್ಯಾಸ ಕಡಿಮೆ, ಗಾಬರಿ ಬೇಡ. ಗುನುಗಿನ ಕಂಪನವೇ ಆ ನರವನ್ನು ಮೀಟುತ್ತದೆ ಎನ್ನುವವರಿದ್ದಾರೆ. ಆದರೆ ಇಲ್ಲಿ ದೊಡ್ಡ ಕೆಲಸ ಮಾಡುವುದು ಉಸಿರನ್ನು ದೀರ್ಘವಾಗಿ ಬಿಡುವುದೇ. ಅದನ್ನು ಎಣಿಸದೆ, ಬಲವಂತವಿಲ್ಲದೆ ಉದ್ದವಾಗಿಸುವ ಸುಲಭದ ಉಪಾಯ ಗುನುಗು.

ಹೀಗೆ 8 ನಿಮಿಷ. ತಲೆ ಸುತ್ತಿದರೆ, ಬೆರಳು ಜೋಮು ಹಿಡಿದರೆ ನೀವು ಉಸಿರನ್ನು ತುಂಬಾ ಎಳೆಯುತ್ತಿದ್ದೀರಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ಗುನುಗನ್ನು ನಿಲ್ಲಿಸಿ ಮಾಮೂಲಿನಂತೆ ಉಸಿರಾಡಿ, ಆಮೇಲೆ ಚಿಕ್ಕ ಉಸಿರಿನಿಂದ ಮತ್ತೆ ಶುರುಮಾಡಿ. ಕಣ್ಣು ಮುಚ್ಚಿದರೆ ಭಯವಾಗುವವರು ಕಣ್ಣು ತೆರೆದು ಗೋಡೆಯ ಒಂದು ಗುರುತು ನೋಡಲಿ. ನೆಗಡಿಯಿದ್ದ ದಿನ ಬರೀ ಕೇಳಿದರೆ ಸಾಕು.

ನಂತರದ 10 ನಿಮಿಷ ಸಂಗೀತಕ್ಕೆ. ಗಂಗೂಬಾಯಿ ಹಾನಗಲ್, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಇಬ್ಬರೂ ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆ ಎಂಬ ಪರಂಪರೆಯವರು. ಒಂದೊಂದೇ ಸ್ವರದ ಮೇಲೆ ನಿಂತು ಬೆಳೆಸುವ ಅವರ ವಿಲಂಬಿತ (ನಿಧಾನಗತಿಯ) ಖ್ಯಾಲ್ ಗಾಯನ ಇದಕ್ಕೆ ಹೇಳಿಮಾಡಿಸಿದ್ದು. ಮೂರು ಚಿಲ್ಲರೆ ನಿಮಿಷದ ಹಳೆಯ 78 ಆರ್‌ಪಿಎಂ ಮುದ್ರಿಕೆಗಳು ಬೇಡ, ಅವುಗಳಲ್ಲಿ ಎಲ್ಲವೂ ಅವಸರ. ದ್ರುತ್, ಎಂದರೆ ವೇಗದ ಭಾಗ, ಶುರುವಾಗುವ ಮುನ್ನ ನಿಲ್ಲಿಸಿ: ಸರಸರನೆ ಓಡುವ ತಾನುಗಳ ಸುರಿಮಳೆ ಮೈಯನ್ನು ಹುರಿದುಂಬಿಸುತ್ತದೆ, ಮಲಗುವ ಹೊತ್ತಿಗೆ ಅದಲ್ಲ. ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಾಗೇಶ್ರೀ ರಾಗದ ನಡುವೆ ಕಿರುಚುವ ಒಂದು ಜಾಹೀರಾತು ಹಾರ್ನಿಗಿಂತ ಕೆಟ್ಟದ್ದು. ಇಂಥ ರಾಗ ಇಂಥ ರೋಗಕ್ಕೆ ಎಂಬ ಪಟ್ಟಿಗಳನ್ನು ನಂಬಬೇಡಿ, ಅವಕ್ಕೆ ಗಟ್ಟಿ ಆಧಾರವಿಲ್ಲ. ಶಾಸ್ತ್ರೀಯ ಒಗ್ಗದವರಿಗೆ ಪರಿಚಿತವಾದ ನಿಧಾನದ ತತ್ವಪದವೂ ನಡೆಯುತ್ತದೆ. ಅಗಲಿದವರ ನೆನಪು ತರುವ ಹಾಡನ್ನು ಮಾತ್ರ ಆರಿಸಬೇಡಿ.

ಕೊನೆಯ 2 ನಿಮಿಷ ಏನನ್ನೂ ಹಚ್ಚದೆ ಕೂತು, ಆಮೇಲೆ ನಿಧಾನಕ್ಕೆ ಏಳಿ. ಎರಡು ವಾರ ಅದೇ ಹೊತ್ತು, ಅದೇ ಶ್ರುತಿ, ಅದೇ ಧ್ವನಿಮುದ್ರಿಕೆ ಇರಲಿ. ದಿನಕ್ಕೊಂದು ಹೊಸದು ಹುಡುಕಿದರೆ ಕಿವಿ ಮತ್ತೆ ಕಾವಲು ಕೂರುತ್ತದೆ.

ಇದು ಔಷಧಿಗೆ ಬದಲಿಯಲ್ಲ. ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ತೋರಿಸಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ: ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅದು ಉಚಿತ.