ಶಿರಸಿಯಿಂದ ಗುವಾಂಗ್‌ಝೌಗೆ: ರಾತ್ರಿ ಬಸ್ಸು ಹತ್ತಿ ಚೀನಾ ತಲುಪುವುದು ಹೇಗೆ?

"ಎಲ್ಲಿಗೆ?" ಎಂದು ಕಂಡಕ್ಟರ್ ಕೇಳಿದಾಗ ಭಾವ ಥಟ್ಟನೆ "ಚೀನಾಕ್ಕೆ" ಎಂದುಬಿಟ್ಟರು. ಕಂಡಕ್ಟರ್ ನಗಲಿಲ್ಲ. "ಈ ಬಸ್ಸು ಮೆಜೆಸ್ಟಿಕ್ ತನಕ ಮಾತ್ರ. ಮುಂದಿಂದಕ್ಕೆ ಬೇರೆ ಟಿಕೆಟ್ ತಗೊಳ್ಳಿ" ಎಂದರು.

ಇಡೀ ಪ್ರಯಾಣದ ಕಷ್ಟ ಆ ಮಾತಿನಲ್ಲೇ ಇದೆ. ವಿಮಾನದಲ್ಲಿ ಕೂತ ಮೇಲೆ ಯಾರಿಗೂ ತೊಂದರೆ ಇಲ್ಲ. ಒಂದು ಟಿಕೆಟ್ ಮುಗಿದು ಇನ್ನೊಂದು ಶುರುವಾಗುವ ಜಾಗ ಇದೆಯಲ್ಲ, ಎಡವಟ್ಟು ಆಗುವುದೆಲ್ಲ ಅಲ್ಲೇ. ಅದಕ್ಕೇ ಈ ಲೇಖನದಲ್ಲಿ ಆ ಜಾಗಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ನಾವು ಹೊರಟಿದ್ದು ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ. 1957ರಿಂದ ನಡೆಯುತ್ತಿರುವ ಈ ವ್ಯಾಪಾರ ಮೇಳ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮಧ್ಯದಲ್ಲಿ ಮತ್ತು ಅಕ್ಟೋಬರ್ ಮಧ್ಯದಲ್ಲಿ ಶುರುವಾಗುತ್ತದೆ. ಒಂದೊಂದು ಸಲಕ್ಕೂ ಮೂರು ಹಂತ. ಯಂತ್ರಗಳೆಲ್ಲ ಮೊದಲ ಹಂತದಲ್ಲೇ ಬಂದು ಹೋಗುತ್ತವೆ. ಭಾವನಿಗೆ ಪ್ಯಾಕಿಂಗ್ ಯಂತ್ರ ನೋಡಬೇಕಿತ್ತು. ನನಗೆ ಸುಮ್ನೆ ಊರು ನೋಡುವ ಆಸೆ.

ಮೊದಲು ಪಾಸ್‌ಪೋರ್ಟು, ಆಮೇಲೆ ವೀಸಾ, ಕಡೆಗೆ ಟಿಕೆಟ್

ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಇರಲಿ, ಖಾಲಿ ಪುಟಗಳೂ ಇರಲಿ. ಹೊಸದು ಮಾಡಿಸುವವರಿಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಪೊಲೀಸ್ ಪರಿಶೀಲನೆಗೆ ಬಂದಾಗ ಮನೆಯಲ್ಲೇ ಇರಿ. ತೋಟಕ್ಕೆ ಹೋಗಿದ್ದೆ, ಫೋನಿಗೆ ಸಿಗ್ನಲ್ ಇರಲಿಲ್ಲ ಎಂದರೆ ಕೆಲಸ ಮುಂದೆ ಹೋಗುತ್ತದೆ.

ಭಾರತೀಯರಿಗೆ ಚೀನಾದ ಪ್ರವಾಸಿ ವೀಸಾ 2025ರ ಜುಲೈನಲ್ಲಿ ಮತ್ತೆ ಶುರುವಾಯಿತು. ಊರು ನೋಡಲು ಹೋಗುವವರಿಗೆ 'ಎಲ್' ವೀಸಾ. ವ್ಯಾಪಾರಕ್ಕೆ 'ಎಂ' ವೀಸಾ, ಅದಕ್ಕೆ ಚೀನಾದಿಂದ ಆಹ್ವಾನ ಪತ್ರ ಬೇಕು. ಕ್ಯಾಂಟನ್ ಮೇಳದ ವೆಬ್‌ಸೈಟಿನಲ್ಲಿ ಖರೀದಿದಾರ ಎಂದು ಹೆಸರು ನೋಂದಾಯಿಸಿದರೆ ಆ ಪತ್ರ ಸಿಗುತ್ತದೆ. 'ಚೀನಾದಲ್ಲಿ ಹತ್ತು ದಿನ ವೀಸಾ ಇಲ್ಲದೆ ಇರಬಹುದು' ಎಂಬ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಆ 240 ಗಂಟೆಗಳ ಸೌಲಭ್ಯದ ಪಟ್ಟಿಯಲ್ಲಿ ಭಾರತ ಇಲ್ಲ. ಅದನ್ನು ನಂಬಿ ಬಸ್ಸು ಹತ್ತಬೇಡಿ.

ವೀಸಾ ಅರ್ಜಿಗೆ ಟಿಕೆಟ್ ಬುಕಿಂಗ್, ಹೋಟೆಲ್ ಬುಕಿಂಗ್ ತೋರಿಸಬೇಕಾಗುತ್ತದೆ. ಹಣ ವಾಪಸ್ ಬರುವಂಥವನ್ನೇ ಮಾಡಿಸಿ. ಅಗ್ಗ ಎಂದು ಹಣ ವಾಪಸ್ ಬಾರದ ಟಿಕೆಟ್ ಮೊದಲೇ ಕೊಳ್ಳುವುದು ಧೈರ್ಯ ಅಲ್ಲ, ಜೂಜು.

ದಾರಿ ಯಾವುದು?

ಇದಕ್ಕೆ ಉತ್ತರ ನಿಮ್ಮ ಮನೆ ಘಟ್ಟದ ಮೇಲೋ ಕೆಳಗೋ ಎನ್ನುವುದರ ಮೇಲಿದೆ.

ಕಾರವಾರ, ಅಂಕೋಲಾದವರಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ. ಗೋವಾದಿಂದ ದೆಹಲಿಗೆ ಹೋದರೆ ಅಲ್ಲಿಂದ ನೇರ ವಿಮಾನ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾದವು. ನವೆಂಬರ್‌ನಲ್ಲಿ ದೆಹಲಿಯಿಂದಲೂ ಹೊರಟವು. ಆದರೆ ಒಂದು ಎಚ್ಚರಿಕೆ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ಹಳೆಯದು ದಾಬೋಲಿಂ, ಟಿಕೆಟಿನಲ್ಲಿ 'ಜಿಒಐ' ಎಂದಿರುತ್ತದೆ. 2023ರ ಜನವರಿಯಲ್ಲಿ ಶುರುವಾದ ಮೋಪಾ ಇನ್ನೂ ಉತ್ತರಕ್ಕೆ, ಮಹಾರಾಷ್ಟ್ರದ ಗಡಿ ಹತ್ತಿರ. ಅದು 'ಜಿಒಎಕ್ಸ್'. ಒಂದೇ ಅಕ್ಷರದ ವ್ಯತ್ಯಾಸ. ತಪ್ಪು ನಿಲ್ದಾಣಕ್ಕೆ ಹೋಗಿ ನಿಂತರೆ ಮಾಂಡೋವಿ ದಾಟಿ ಇನ್ನೊಂದಕ್ಕೆ ಓಡುವಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಬೆಂಗಳೂರೇ ಸರಿ. ಅಲ್ಲಿಂದ ಸಿಂಗಪುರ, ಹಾಂಗ್‌ಕಾಂಗ್, ಬ್ಯಾಂಕಾಕ್ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಹೋಗಬಹುದು. ನಾವು ಸಿಂಗಪುರದ ದಾರಿ ಹಿಡಿದೆವು.

ಯಾವ ದಾರಿಯಾದರೂ ಸರಿ, ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಲಿ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಬೇರೆ ಬೇರೆ ಟಿಕೆಟ್ ಕೊಂಡರೆ ಎರಡು ಮೂರು ಸಾವಿರ ಉಳಿಯಬಹುದು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯವರು ನಿಮಗೆ ಜವಾಬ್ದಾರರಲ್ಲ. ಲಗೇಜನ್ನು ನಡುವಿನ ದೇಶದಲ್ಲಿ ಹೊರಗೆ ತೆಗೆದು ಮತ್ತೆ ಕೊಡಬೇಕಾಗಬಹುದು. ಹೊರಗೆ ಬರಬೇಕು ಎಂದರೆ ಆ ದೇಶದ ಪ್ರವೇಶದ ನಿಯಮವೂ ತಲೆಗೆ ಬಿತ್ತು. ಒಂದೇ ಪಿಎನ್‌ಆರ್ ಆದರೆ ಬೆಂಗಳೂರಿನ ಕೌಂಟರಿನಲ್ಲೇ "ಟ್ಯಾಗ್ ಗುವಾಂಗ್‌ಝೌ ವರೆಗೆ ಇದೆಯಾ?" ಎಂದು ಕೇಳಿ ನೋಡಿಕೊಂಡರೆ ಸಾಕು.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಆಯಿಗೆ ಇದ್ದ ಚಿಂತೆ ಒಂದೇ. "ತಮಾ, ಅಲ್ಲಿ ಅನ್ನ ಸಿಕ್ತಾ?" ಅನ್ನ ಸಿಗುತ್ತದೆ ಆಯಿ, ಅದರ ಜೊತೆ ಏನು ಎನ್ನುವುದೇ ಪ್ರಶ್ನೆ.

ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟರೆ ಭದ್ರತಾ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ. ಇಡೀ ಒಣಕೊಬ್ಬರಿ ಗಿಟುಕನ್ನು ಯಾವ ಬ್ಯಾಗಿಗೂ ಹಾಕಬೇಡಿ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಅದು ಬೆಂಕಿ ಹಿಡಿಯುವ ವಸ್ತುಗಳ ಲೆಕ್ಕಕ್ಕೆ ಸೇರುತ್ತದೆ. ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥಗಳನ್ನು ಚೀನಾದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ. ಕವಳದ ಸಂಚಿಯನ್ನೂ ಮನೆಯಲ್ಲೇ ಬಿಡಿ. ತಮಾಷೆ ಎಂದರೆ ಅಲ್ಲಿಯ ಹುನಾನ್ ಪ್ರಾಂತ್ಯದವರು ಅಡಿಕೆ ಜಗಿಯುವುದರಲ್ಲಿ ನಮಗೇನೂ ಕಡಿಮೆ ಇಲ್ಲ, ಹೈನಾನ್ ದ್ವೀಪದಲ್ಲಿ ಅಡಿಕೆ ತೋಟಗಳೇ ಇವೆ. ಅವರು ಎಳೆಕಾಯಿಯನ್ನು ಸಿಪ್ಪೆ ಸಮೇತ ಒಣಗಿಸಿ ಜಗಿಯುತ್ತಾರೆ. ಭಾವನಿಗೆ ಇದು ಕೇಳಿದ ಮೇಲೆ ಚೀನಾದ ಮೇಲೆ ಗೌರವ ಹೆಚ್ಚಾಯಿತು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಅದೂ 100 ವ್ಯಾಟ್-ಅವರ್ ಒಳಗಿನದು. ಚೀನಾದ ಒಳಗೆ ಮತ್ತೆ ವಿಮಾನ ಹತ್ತುವವರು ಇನ್ನೊಂದು ಗಮನಿಸಿ. 2025ರ ಜೂನ್ 28ರಿಂದ ಅಲ್ಲಿಯ ದೇಶೀಯ ವಿಮಾನಗಳಲ್ಲಿ '3ಸಿ' ಎಂಬ ಚೀನಾದ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕಿಗೆ ಅವಕಾಶ ಇಲ್ಲ. ನಮ್ಮಲ್ಲಿ ಕೊಂಡದ್ದರ ಮೇಲೆ ಆ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ರೈಲಿನಲ್ಲಿ ಓಡಾಡಿದರೆ ಈ ರಗಳೆಯೇ ಇಲ್ಲ.

ಸಸ್ಯಾಹಾರಿಗಳು ವಿಮಾನದ ಊಟವನ್ನು ಕನಿಷ್ಠ 24 ಗಂಟೆ ಮೊದಲೇ ಹೇಳಿಡಿ. 'ಎವಿಎಂಎಲ್' ಎಂಬ ಆಯ್ಕೆ ನಮ್ಮ ಕಡೆಯ ಸಸ್ಯಾಹಾರ.

ಫೋನು ಮತ್ತು ದುಡ್ಡು: ಮನೆಯಲ್ಲೇ ಮುಗಿಸುವ ಕೆಲಸ

ಚೀನಾದಲ್ಲಿ ತರಕಾರಿ ಮಾರುವ ಅಜ್ಜಿಯೂ ಕ್ಯೂಆರ್ ಕೋಡ್ ಹಿಡಿಯುತ್ತಾಳೆ. ಆದರೆ ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಅಲ್ಲಿಯ ಪಾವತಿ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು, ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡನ್ನು ಅದಕ್ಕೆ ಜೋಡಿಸಬೇಕು. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಇರಲಿ. ಇದನ್ನೆಲ್ಲ ಊರಲ್ಲೇ, ಒಟಿಪಿ ಸರಿಯಾಗಿ ಬರುವಾಗಲೇ ಮುಗಿಸಿ. 200 ಯುವಾನ್ ಮೀರಿದ ಪಾವತಿಗೆ ಶೇ 3ರಷ್ಟು ಶುಲ್ಕ ಬೀಳುತ್ತದೆ. ಕೈಯಲ್ಲಿ ಸ್ವಲ್ಪ ಯುವಾನ್ ನೋಟೂ ಇರಲಿ.

ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿಯ ವೈಫೈನಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ಹೋಟೆಲಿನ ವಿಳಾಸ ಚೀನಿ ಲಿಪಿಯಲ್ಲಿರುವ ಒಂದು ಚಿತ್ರ ಫೋನಿನಲ್ಲಿರಲಿ, ಒಂದು ಕಾಗದದ ಪ್ರತಿ ಜೇಬಿನಲ್ಲಿರಲಿ. ಟ್ಯಾಕ್ಸಿಯವರಿಗೆ ನಮ್ಮ ಇಂಗ್ಲಿಷ್ ಉಚ್ಚಾರಕ್ಕಿಂತ ಆ ಚೀಟಿ ಮೇಲು. 'ನಾನು ಸಸ್ಯಾಹಾರಿ' ಎಂಬುದನ್ನೂ ಹಾಗೇ ಬರೆಸಿಟ್ಟುಕೊಳ್ಳಿ.

ಹೊರಡುವ ರಾತ್ರಿ

ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಹಾವೇರಿಗೆ ಹೋಗಿ ಹೆದ್ದಾರಿ ಸೇರಿದರೆ ದಾವಣಗೆರೆ, ಚಿತ್ರದುರ್ಗ, ತುಮಕೂರು. ಸಂಜೆ ಹತ್ತಿದರೆ ನಸುಕಿಗೆ ಬೆಂಗಳೂರು. ಇದು ಕಾಗದದ ಮೇಲಿನ ಮಾತು. ನಮ್ಮ ಬಸ್ಸು ರಾಣೆಬೆನ್ನೂರು ದಾಟಿದ ಮೇಲೆ ಕೆಟ್ಟು ನಿಂತಿತು. ಬೇರೆ ಬಸ್ಸು ಬರಲು ಮೂರು ತಾಸು. ಭಾವ ಆರಾಮಾಗಿ ಚಹಾ ಕುಡಿದರು, ಏಕೆಂದರೆ ನಮ್ಮ ವಿಮಾನ ಇದ್ದದ್ದು ಅವತ್ತು ರಾತ್ರಿ 11ಕ್ಕೆ. ಬೆಳಿಗ್ಗೆಯ ವಿಮಾನವಾಗಿದ್ದರೆ ಅಲ್ಲಿಂದಲೇ ವಾಪಸ್.

ಹಾಗಾಗಿ ಬಸ್ಸಿಗೂ ವಿಮಾನಕ್ಕೂ ನಡುವೆ ಒಂದು ಹಗಲು ಪೂರ್ತಿ ಬಿಡಿ. ಮಳೆಗಾಲದಲ್ಲಿ ಕುಮಟಾ, ಹೊನ್ನಾವರದಿಂದ ಘಟ್ಟ ಹತ್ತಿ ಬರುವವರು ಎರಡು ಹಗಲು ಬಿಟ್ಟರೂ ತಪ್ಪಿಲ್ಲ. ಗುಡ್ಡ ಯಾವಾಗ ಜರಿಯುತ್ತದೆ ಎಂದು ಯಾರು ಹೇಳಬೇಕು? ಬೆಂಗಳೂರಲ್ಲಿ ನೆಂಟರ ಮನೆ ಇಲ್ಲದ ಶಿರಸಿಯವರು ಯಾರಿದ್ದಾರೆ? ಸ್ನಾನ, ಊಟ, ಒಂದು ನಿದ್ದೆ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಎಂಟಿಸಿಯ ವಾಯುವಜ್ರ ಬಸ್ಸು ಇದೆ. ನೇರ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗದೆ ಗೊರಗುಂಟೆಪಾಳ್ಯದಲ್ಲೇ ಇಳಿದು ಹೆಬ್ಬಾಳದ ಮೇಲೆ ಹೋದರೆ ಸುತ್ತು ತಪ್ಪುತ್ತದೆ. ವಿದೇಶಿ ವಿಮಾನಗಳು ಎರಡನೇ ಟರ್ಮಿನಲ್‌ನಿಂದ. ಮೂರು ತಾಸು ಮೊದಲೇ ಅಲ್ಲಿರಿ.

ಇಳಿದ ಮೇಲೆ

ಸಿಂಗಪುರಕ್ಕೆ ನಾಲ್ಕೂವರೆ ತಾಸು, ಅಲ್ಲಿಂದ ಗುವಾಂಗ್‌ಝೌಗೆ ಸುಮಾರು ನಾಲ್ಕು. ಎರಡೂ ಕಡೆ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಸೋಮವಾರ ಸಂಜೆ ಶಿರಸಿ ಬಿಟ್ಟ ನಾವು ಬುಧವಾರ ಮಧ್ಯಾಹ್ನ ಗುವಾಂಗ್‌ಝೌನ ಬೈಯುನ್ ವಿಮಾನ ನಿಲ್ದಾಣದಲ್ಲಿದ್ದೆವು. ಆಗಮನದ ಅರ್ಜಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಬಹುದು. ಬೆರಳಚ್ಚು ಕೊಟ್ಟು ಹೊರಬಂದರೆ ಮೆಟ್ರೊ ಮೂರನೇ ಮಾರ್ಗ ಅಲ್ಲಿಂದಲೇ ಸಿಗುತ್ತದೆ. ಹೋಟೆಲಿನವರು ನಿಮ್ಮ ಪಾಸ್‌ಪೋರ್ಟ್ ವಿವರವನ್ನು ಪೊಲೀಸರಿಗೆ ದಾಖಲಿಸುತ್ತಾರೆ. ಪರಿಚಯದವರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ಮಾಡಿಸಬೇಕು.

ಕುಡಿಯುವ ಬಿಸಿನೀರು ನಿಲ್ದಾಣ, ರೈಲು ಎಲ್ಲ ಕಡೆ ನಲ್ಲಿಯಲ್ಲೇ ಬರುತ್ತದೆ. ಒಂದು ಸ್ಟೀಲ್ ಲೋಟ ಜೊತೆಗಿದ್ದರೆ ಅನುಕೂಲ.

ಇನ್ನು ವಾಪಸ್ ಬರುವಾಗ ಶಿರಸಿ ಬಸ್ಸಿನ ಸೀಟು. ನಮ್ಮ ವಿಮಾನ ಬೆಂಗಳೂರಿಗೆ ಇಳಿಯುವುದು ರಾತ್ರಿ ಹತ್ತಕ್ಕೆ. ನಾಳೆಯ ಬಸ್ಸಿಗೆ ಮಾಡಿಸೋಣ ಎಂದರೆ ಭಾವ ಕೇಳಲಿಲ್ಲ, ಅದೇ ರಾತ್ರಿಯ ಕೊನೇ ಬಸ್ಸಿಗೆ ಎರಡು ಸೀಟು ಮಾಡಿಸಿದರು. ನಾವು ಲಗೇಜಿಗಾಗಿ ಬೆಲ್ಟಿನ ಮುಂದೆ ನಿಂತಿದ್ದಾಗ ಕಂಡಕ್ಟರ್ ಫೋನು ಬಂತು. "ಎಲ್ಲಿದ್ದೀರಿ?" ಸೀಟುಗಳು ಖಾಲಿಯೇ ಶಿರಸಿಗೆ ಹೋದವು.